ಫ್ಯೂಸ್ ಎಮ್ಯುಲೇಟರ್ ಬಿಲ್ಡ್ ಆಗ್ತಿಲ್ವಾ, ಓಡ್ತಿಲ್ವಾ: ಎಲ್ಲಿ ಕೈಕೊಡ್ತಿದೆ ಅಂತ ಹುಡುಕೋದು ಹೇಗೆ

ಮೊದಲು ಹೆಸರಿನ ಗೊಂದಲ ಬಗೆಹರಿಸ್ಕೊಳ್ಳೋಣ. ಇಲ್ಲಿ ಫ್ಯೂಸ್ ಅಂದ್ರೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಮ್ಯುಲೇಟರ್ (1982ರ ಆ ಹಳೇ ಮನೆ ಕಂಪ್ಯೂಟರ್ ಥರ ನಟಿಸೋ ಪ್ರೋಗ್ರಾಮ್), ಫ್ರೀ ಯುನಿಕ್ಸ್ ಸ್ಪೆಕ್ಟ್ರಮ್ ಎಮ್ಯುಲೇಟರ್ ಅನ್ನೋದನ್ನ ಚಿಕ್ಕದು ಮಾಡಿರೋ ಹೆಸರು. ಲಿನಕ್ಸ್‌ನಲ್ಲಿ ಇದೇ ಹೆಸರಿಂದು ಇನ್ನೊಂದಿದೆ, ಫೈಲ್‌ಸಿಸ್ಟಮ್ ಇನ್ ಯೂಸರ್‌ಸ್ಪೇಸ್ ಅಂತ, ಆಪ್‌ಇಮೇಜ್ ಓಡಿಸೋಕೆ, ಎಂಥೆಂಥದೋ ಡ್ರೈವ್ ಮೌಂಟ್ ಮಾಡೋಕೆ ಬಳಸೋದು, ಅದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಉಬುಂಟುನಲ್ಲಿ 'ಎಪಿಟಿ ಇನ್‌ಸ್ಟಾಲ್ ಫ್ಯೂಸ್' ಅಂತ ಹೊಡೆದ್ರೆ ಬರೋದು ಆ ಇನ್ನೊಂದು. ಇದು ಬರೀ ವೇಸ್ಟ್ ಆಗೋದಷ್ಟೇ ಅಲ್ಲ, 22.04 ಮತ್ತು ಅದರ ನಂತರದ ಉಬುಂಟುಗಳಲ್ಲಿ ಹಳೇ ಫ್ಯೂಸ್ ಪ್ಯಾಕೇಜ್ ಹಾಕೋಕೆ ಹೋದ್ರೆ ಫ್ಯೂಸ್3 ತೆಗೆದುಹಾಕಿ ಅದರ ಜೊತೆ ಡೆಸ್ಕ್‌ಟಾಪ್‌ಗೆ ಬೇಕಾದ ಪ್ಯಾಕೇಜ್‌ಗಳನ್ನೂ ಎಳ್ಕೊಂಡು ಹೋಗೋ ಸಾಧ್ಯತೆ ಇದೆ, ಅದಕ್ಕೇ 'ಇವನ್ನ ರಿಮೂವ್ ಮಾಡ್ತೀನಿ' ಅಂತ ಪಟ್ಟಿ ತೋರಿಸಿದಾಗ ಓದದೇ ಯೆಸ್ ಒತ್ತಬೇಡಿ. ನಮಗೆ ಬೇಕಾದ ಪ್ಯಾಕೇಜ್ ಹೆಸರು ಡೆಬಿಯನ್, ಉಬುಂಟು ಎರಡರಲ್ಲೂ 'ಫ್ಯೂಸ್-ಎಮ್ಯುಲೇಟರ್-ಜಿಟಿಕೆ' ಅಥವಾ 'ಫ್ಯೂಸ್-ಎಮ್ಯುಲೇಟರ್-ಎಸ್‌ಡಿಎಲ್' (ಜಿಟಿಕೆ, ಎಸ್‌ಡಿಎಲ್ ಅನ್ನೋದು ಪರದೆ ಮೇಲೆ ಕಿಟಕಿ ತೋರಿಸೋ ಎರಡು ಬೇರೆ ಲೈಬ್ರರಿಗಳು).

ಅದೇ ಥರ ಎರರ್ ಹುಡುಕುವಾಗಲೂ ಹುಷಾರು. 'ಫ್ಯೂಸ್: ಡಿವೈಸ್ ನಾಟ್ ಫೌಂಡ್' ಅಂತ ಬಂದ್ರೆ ಅದು ಎಮ್ಯುಲೇಟರ್ ಹೇಳ್ತಿರೋದಲ್ಲ.

ಪ್ಯಾಕೇಜ್ ಸಿಕ್ಕಿ ಅದು ಸರಿಯಾಗಿ ಓಡ್ತಿದ್ರೆ ನೀವು ಕಂಪೈಲ್ ಮಾಡೋ ಅಗತ್ಯನೇ ಇಲ್ಲ, ಖುಷಿಯಾಗಿ ಬಳಸಿ. ನಿಮ್ಮ ಡಿಸ್ಟ್ರೋದಲ್ಲಿ ಹಳೇ ವರ್ಷನ್ ಇದೆ, ಇಲ್ಲಾ ನಿಮ್ಮ ಸಿಸ್ಟಮ್‌ಗೆ ಪ್ಯಾಕೇಜೇ ಇಲ್ಲ, ಇಲ್ಲಾ ಕೋಡ್ ತಿದ್ದಿ ನೋಡಬೇಕು ಅನ್ನೋ ಆಸೆ ಇದೆ, ಅಂಥವರಿಗೆ ಮುಂದಿನದು. ಕಮಾಂಡ್‌ಗಳನ್ನ, ಎರರ್‌ಗಳನ್ನ ಓದೋ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು.

ಯಾವ ಹಂತದಲ್ಲಿ ನಿಂತಿದೆ

ಸೋರ್ಸ್‌ನಿಂದ ಪ್ರೋಗ್ರಾಮ್ ಆಗೋವರೆಗೆ ನಾಲ್ಕು ಹಂತ ಇದೆ: ಕಾನ್ಫಿಗರ್ (ಬೇಕಾದ್ದೆಲ್ಲಾ ಸಿಸ್ಟಮ್‌ನಲ್ಲಿದೆಯಾ ಅಂತ ನೋಡೋದು), ಕಂಪೈಲ್ (ಕೋಡನ್ನ ಮಷಿನ್ ಭಾಷೆಗೆ ತರೋದು), ಲಿಂಕ್ (ಆ ತುಂಡುಗಳನ್ನ ಲೈಬ್ರರಿಗಳ ಜೊತೆ ಜೋಡಿಸೋದು), ಆಮೇಲೆ ಓಡಿಸೋದು. ಎಲ್ಲಿ ನಿಂತಿತು ಅಂತ ಗೊತ್ತಾಗದೇ ಯಾವ ಮದ್ದೂ ಹಚ್ಚಬೇಡಿ. ಸಹಾಯ ಕೇಳೋರು ಬಹಳ ಸಲ ಕೊನೇ ಸಾಲನ್ನ ಮಾತ್ರ ಕಳಿಸ್ತಾರೆ, 'ಮೇಕ್: ಎರರ್ 2' ಅಂತ, ಅದರಿಂದ ಏನೂ ತಿಳಿಯಲ್ಲ, ಯಾಕಂದ್ರೆ ಅದು ಕೆಳಗಿನವನು ಸೋತ ಅಂತ ಮೇಲಿನವನು ಕೊಡೋ ವರದಿ ಅಷ್ಟೇ. ಬೇಕಾಗಿರೋದು ಮೊದಲನೇ ಎರರ್. ಒಂದು ಹೆಡರ್ (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳೋ ಫೈಲು) ಸಿಗದೇ ಹೋದ್ರೆ ಅದರಿಂದ ಹುಟ್ಟೋ ನೂರಾರು ಸಾಲು ಎರರ್ ಎಲ್ಲಾ ಸುಳ್ಳು ಗಲಾಟೆ.

ಮೊದಲನೇ ಎರರ್ ಕಣ್ಣಿಗೆ ಬೀಳಬೇಕಂದ್ರೆ ಎರಡು ಕೆಲಸ ಮಾಡಿ. 'ಮೇಕ್ -ಜೆ8' ಅಂತ ಎಂಟು ಕೆಲಸ ಒಟ್ಟಿಗೆ ಓಡಿಸ್ತಿದ್ರೆ ನಿಲ್ಲಿಸಿ, ಬರೀ 'ಮೇಕ್' ಕೊಡಿ, ಆಗ ಸಾಲುಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗಲ್ಲ. ಇನ್ನೊಂದು, ಸಿಸ್ಟಮ್ ಭಾಷೆ ಕನ್ನಡ ಇಟ್ಕೊಂಡಿರೋರು (ನಾನೂ ಹಾಗೇ ಇಟ್ಕೊಂಡಿದೀನಿ, ಚೆನ್ನಾಗಿರತ್ತೆ) ಬಿಲ್ಡ್ ಮಾಡೋ ಟರ್ಮಿನಲ್‌ನಲ್ಲಿ ಮಾತ್ರ ಎಲ್‌ಸಿ_ಆಲ್ ಅನ್ನೋ ವೇರಿಯೇಬಲ್‌ಗೆ ಸಿ ಅಂತ ಕೊಡಿ, ಮೆಸೇಜ್ ಎಲ್ಲಾ ಮೂಲ ಇಂಗ್ಲಿಷಲ್ಲೇ ಬರತ್ತೆ, ಹುಡುಕೋಕೆ ಸುಲಭ.

ಕಾನ್ಫಿಗರ್‌ನಲ್ಲೇ ನಿಂತ್ರೆ

ಫ್ಯೂಸ್ ಒಂಟಿಯಾಗಿ ಬಿಲ್ಡ್ ಆಗಲ್ಲ, ಅದಕ್ಕೆ ಲಿಬ್‌ಸ್ಪೆಕ್ಟ್ರಮ್ ಅನ್ನೋ ಲೈಬ್ರರಿ ಬೇಕು, ಟೇಪ್ ಫೈಲು (ಕ್ಯಾಸೆಟ್‌ನ ನಕಲು), ಸ್ನ್ಯಾಪ್‌ಶಾಟ್ ಫೈಲು (ಮಷಿನ್‌ನ ಒಂದು ಕ್ಷಣದ ಸ್ಥಿತಿ ಹಿಡಿದಿಟ್ಟದ್ದು) ಎಲ್ಲಾ ಓದೋದು ಅದೇ. ಫ್ಯೂಸ್ 1.6.0ಗೆ ಲಿಬ್‌ಸ್ಪೆಕ್ಟ್ರಮ್ 1.5.0 ಬೇಕು. ಹಾಗಾಗಿ ಕ್ರಮ ಹೀಗೆ: ಮೊದಲು ಲಿಬ್‌ಸ್ಪೆಕ್ಟ್ರಮ್ ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡಿ, ಆಮೇಲೆ ಫ್ಯೂಸ್. ಲಿಬ್‌ಸ್ಪೆಕ್ಟ್ರಮ್ ಹಾಕಿದ ಮೇಲೂ 'ಲಿಬ್‌ಸ್ಪೆಕ್ಟ್ರಮ್ ನಾಟ್ ಫೌಂಡ್' ಅಂದ್ರೆ ಅದು ಎಲ್ಲಿ ಹೋಗಿ ಕೂತಿದೆ ನೋಡಿ. ನೀವು ಜಾಗ ಹೇಳದಿದ್ರೆ ಅದು ಯುಎಸ್‌ಆರ್ ಲೋಕಲ್ ಫೋಲ್ಡರ್ ಒಳಗೆ ಹೋಗತ್ತೆ, ಅದರ ಗುರುತಿನ ಚೀಟಿ ಅಂದ್ರೆ ಡಾಟ್ ಪಿಸಿ ಫೈಲು ಲಿಬ್ ಒಳಗಿನ ಪಿಕೆಜಿಕಾನ್ಫಿಗ್ ಫೋಲ್ಡರ್‌ನಲ್ಲಿ ಇರತ್ತೆ. ಡೆಬಿಯನ್, ಉಬುಂಟು ಕಡೆ ಪಿಕೆಜಿ-ಕಾನ್ಫಿಗ್ ಅಲ್ಲಿ ತಾನಾಗೇ ಹುಡುಕತ್ತೆ, ಫೆಡೋರಾದಲ್ಲಿ ಹುಡುಕಲ್ಲ. ಅಲ್ಲಿ ಪಿಕೆಜಿ_ಕಾನ್ಫಿಗ್_ಪಾತ್ ವೇರಿಯೇಬಲ್‌ಗೆ ಆ ಫೋಲ್ಡರ್ ದಾರಿ ಕೊಟ್ಟು ಕಾನ್ಫಿಗರ್ ಮತ್ತೆ ಓಡಿಸಿ. 'ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಷನ್ ಲಿಬ್‌ಸ್ಪೆಕ್ಟ್ರಮ್' ಅಂತ ಕೇಳಿದಾಗ ನೀವು ಬಿಲ್ಡ್ ಮಾಡಿದ ನಂಬರೇ ಉತ್ತರವಾಗಿ ಬಂದ್ರೆ ಸರಿ ಹೋಯ್ತು ಅಂತ ಅರ್ಥ, ಬೇರೆ ನಂಬರ್ ಬಂದ್ರೆ ಸಿಸ್ಟಮ್‌ನಲ್ಲಿ ಎರಡು ಲಿಬ್‌ಸ್ಪೆಕ್ಟ್ರಮ್ ಇದೆ, ಅದರ ಕಥೆ ಕೆಳಗೆ ಬರತ್ತೆ.

ಉಳಿದ ಲೈಬ್ರರಿಗಳದ್ದು ಒಂದೇ ತಪ್ಪು ಪದೇ ಪದೇ. 'ಜಿಟಿಕೆ ಇದೆಯಲ್ಲ, ಡೆಸ್ಕ್‌ಟಾಪೇ ಅದರ ಮೇಲೆ ಓಡ್ತಿದೆ, ಆದ್ರೂ ಸಿಗಲ್ಲ ಅಂತಿದೆ' ಅಂತ ಕೇಳ್ತಾರೆ. ಓಡಿಸೋಕೆ ಬೇಕಾದ ಲೈಬ್ರರಿ ಬೇರೆ, ಅದನ್ನಿಟ್ಕೊಂಡು ಕಂಪೈಲ್ ಮಾಡೋಕೆ ಬೇಕಾದ ಹೆಡರ್ ಬೇರೆ. ಡೆಬಿಯನ್ ಕಡೆ ಹೆಡರ್ ಪ್ಯಾಕೇಜ್ ಹೆಸರು '-ಡೆವ್' ಅಂತ ಮುಗಿಯತ್ತೆ, ಫೆಡೋರಾದಲ್ಲಿ '-ಡೆವೆಲ್', ಆರ್ಚ್‌ನಲ್ಲಿ ಎರಡೂ ಒಂದೇ ಪ್ಯಾಕೇಜಿನಲ್ಲಿ ಬರತ್ತೆ. ಎಸ್‌ಡಿಎಲ್ ಮುಖ ಬೇಕು ಅಂತ '--ವಿತ್-ಎಸ್‌ಡಿಎಲ್' ಕೊಡೋರು ಗಮನಿಸಿ, ಅದು ಕೇಳೋದು ಹಳೇ ಎಸ್‌ಡಿಎಲ್ 1.2, ನಿಮ್ಮ ಹತ್ರ ಎಸ್‌ಡಿಎಲ್2 ಇದ್ರೆ ಅದು ಲೆಕ್ಕಕ್ಕಿಲ್ಲ.

ಮೌನವಾಗಿ ಆಗೋ ದೋಷ ಇನ್ನೂ ಕೆಟ್ಟದ್ದು. ಕೆಲವು ಲೈಬ್ರರಿ ಇಲ್ಲದಿದ್ರೆ ಕಾನ್ಫಿಗರ್ ನಿಲ್ಲಲ್ಲ, ಆ ಸೌಲಭ್ಯ ಬಿಟ್ಟು ಮುಂದೆ ಹೋಗತ್ತೆ, ನಿಮಗೆ ಗೊತ್ತಾಗೋದು ವಾರದ ಮೇಲೆ. ಝಡ್‌ಲಿಬ್ ಇಲ್ಲದಿದ್ರೆ ಕಂಪ್ರೆಸ್ ಆಗಿರೋ ಸ್ನ್ಯಾಪ್‌ಶಾಟ್ ತೆರೆಯಲ್ಲ. ಲಿಬ್‌ಪಿಎನ್‌ಜಿ ಇಲ್ಲದಿದ್ರೆ ಸ್ಕ್ರೀನ್‌ಶಾಟ್ ಪಿಎನ್‌ಜಿ ಚಿತ್ರವಾಗಿ ಸೇವ್ ಆಗಲ್ಲ. ಆಡಿಯೋಫೈಲ್ ಲೈಬ್ರರಿ ಇಲ್ಲದಿದ್ರೆ ಕ್ಯಾಸೆಟ್‌ನಿಂದ ರೆಕಾರ್ಡ್ ಮಾಡಿದ ವೇವ್ ಫೈಲ್ ಓದಲ್ಲ. ಆಲ್ಸಾ (ಲಿನಕ್ಸ್‌ನ ಈಗಿನ ಸೌಂಡ್ ವ್ಯವಸ್ಥೆ) ಹೆಡರ್ ಇಲ್ಲದಿದ್ರೆ ಸೌಂಡಿಗೆ ಹಳೇ ಓಎಸ್‌ಎಸ್ ದಾರಿ ಹಿಡಿಯತ್ತೆ. ಹಾಗಾಗಿ ಕಾನ್ಫಿಗರ್ ಮುಗಿದಾಗ ಸಮಾಧಾನ ಪಟ್ಕೊಂಡು ಮುಂದೆ ಓಡಬೇಡಿ, ಮೇಲಕ್ಕೆ ಸ್ಕ್ರೋಲ್ ಮಾಡಿ ಎಲ್ಲೆಲ್ಲಿ 'ನೋ' ಅಂದಿದೆ ಓದಿ, ಅದರಲ್ಲಿ ನಿಮಗೆ ಬೇಕಾದ್ದಿದ್ರೆ ಹೆಡರ್ ಹಾಕಿ ಮತ್ತೆ ಓಡಿಸಿ. ಎರಡು ನಿಮಿಷದ ಕೆಲಸ.

ಕಾರಣ ಪರದೆ ಮೇಲೆ ಸ್ಪಷ್ಟ ಇಲ್ಲ ಅಂದ್ರೆ ಅದೇ ಫೋಲ್ಡರ್‌ನಲ್ಲಿರೋ ಕಾನ್ಫಿಗ್ ಡಾಟ್ ಲಾಗ್ ತೆಗೀರಿ. ಅದರ ಕೊನೆಗೆ ಹೋದ್ರೆ ಬರೀ ವೇರಿಯೇಬಲ್ ಪಟ್ಟಿ ಇರತ್ತೆ, ಅದನ್ನ ನೋಡಿ ಗಾಬರಿಯಾಗಿ ಮುಚ್ಚೋರೇ ಜಾಸ್ತಿ. 'ಕ್ಯಾಶ್ ವೇರಿಯೇಬಲ್ಸ್' ಅನ್ನೋ ಹೆಡ್ಡಿಂಗ್ ಹುಡುಕಿ, ಅದರ ಸ್ವಲ್ಪ ಮೇಲೆ ನಿಜವಾದ ಎರರ್ ಇರತ್ತೆ, ಯಾವ ಪುಟ್ಟ ಪರೀಕ್ಷಾ ಪ್ರೋಗ್ರಾಮ್ ಕಂಪೈಲ್ ಮಾಡೋಕೆ ಹೋಗಿ ಎಲ್ಲಿ ಮುಗ್ಗರಿಸಿತು ಅನ್ನೋ ಸಮೇತ.

ಗಿಟ್‌ನಿಂದ ಸೋರ್ಸ್ ತಗೊಂಡೋರಿಗೆ ಕಾನ್ಫಿಗರ್ ಫೈಲೇ ಇರಲ್ಲ, ಆಟೋಜೆನ್ ಸ್ಕ್ರಿಪ್ಟ್ ಓಡಿಸಿ ಹುಟ್ಟಿಸಬೇಕು, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್, ಪರ್ಲ್, ಬೈಸನ್, ಫ್ಲೆಕ್ಸ್ ಎಲ್ಲಾ ಮೊದಲೇ ಇರಬೇಕು. 'ಸಿಂಟ್ಯಾಕ್ಸ್ ಎರರ್ ನಿಯರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಅಂತ ಬಂದು ಪಕ್ಕದಲ್ಲೇ ಪಿಕೆಜಿ_ಚೆಕ್_ಮಾಡ್ಯೂಲ್ಸ್ ಅನ್ನೋ ಪದ ಕಂಡ್ರೆ ಅದು ಸಿಂಟ್ಯಾಕ್ಸ್ ತಪ್ಪಲ್ಲವೇ ಅಲ್ಲ. ಆಟೋಜೆನ್ ಓಡಿದಾಗ ಪಿಕೆಜಿ-ಕಾನ್ಫಿಗ್ ಇರಲಿಲ್ಲ, ಆ ಮ್ಯಾಕ್ರೋ ಬಿಡಿಸ್ಕೊಳ್ಳದೇ ಹಾಗೇ ಉಳಿದುಬಿಟ್ಟಿದೆ. ಈಗ ಪಿಕೆಜಿ-ಕಾನ್ಫಿಗ್ ಹಾಕಿ ಕಾನ್ಫಿಗರ್ ಮಾತ್ರ ಮತ್ತೆ ಓಡಿಸಿದ್ರೆ ಪ್ರಯೋಜನ ಇಲ್ಲ, ಆಟೋಜೆನ್‌ನಿಂದಲೇ ಶುರು ಮಾಡಬೇಕು.

ಇನ್ನು ಜಾಗದ ತೊಂದರೆಗಳು. ಫೋಲ್ಡರ್ ಹೆಸರಲ್ಲಿ ಸ್ಪೇಸ್ ಇದ್ರೆ 'ಅನ್‌ಸೇಫ್ ಅಬ್ಸೊಲ್ಯೂಟ್ ವರ್ಕಿಂಗ್ ಡೈರೆಕ್ಟರಿ ನೇಮ್' ಅಂತ ನಿಲ್ಲತ್ತೆ, ಸ್ಪೇಸ್ ಇಲ್ಲದ ಜಾಗಕ್ಕೆ ಸೋರ್ಸ್ ಸಾಗಿಸಿ. ಪೆನ್‌ಡ್ರೈವ್ ಮೇಲೇ ಬಿಲ್ಡ್ ಮಾಡ್ತಿದ್ರೆ ಎಫ್‌ಎಟಿ ಫಾರ್ಮ್ಯಾಟ್‌ನಲ್ಲಿ ಸಿಂಬಾಲಿಕ್ ಲಿಂಕ್ ಆಗಲ್ಲ, ಲೈಬ್ರರಿ ತಯಾರಾಗೋ ಹೊತ್ತಲ್ಲಿ 'ಆಪರೇಶನ್ ನಾಟ್ ಪರ್ಮಿಟೆಡ್' ಬರತ್ತೆ. ವಿಂಡೋಸ್‌ನಲ್ಲಿ ಕ್ಲೋನ್ ಮಾಡಿ ಲಿನಕ್ಸಿಗೆ ಕಾಪಿ ಮಾಡಿದ್ರೆ ಸಾಲಿನ ಕೊನೆಯ ಗುರುತು ಬದಲಾಗಿ 'ಬ್ಯಾಡ್ ಇಂಟರ್‌ಪ್ರಿಟರ್' ಅನ್ನತ್ತೆ, ಲಿನಕ್ಸ್ ಒಳಗೇ ಮತ್ತೆ ಕ್ಲೋನ್ ಮಾಡಿ.

ಕಂಪೈಲರ್ ಹೊಸದಾಗಿ ಕೋಡ್ ಹಳೇದಾಗಿದ್ರೆ

ಐದಾರು ವರ್ಷ ಹಿಂದಿನ ಟಾರ್‌ಬಾಲ್ (ಸೋರ್ಸ್ ಕೋಡ್ ಕಟ್ಟಿಟ್ಟಿರೋ ಫೈಲು) ಇಟ್ಕೊಂಡು ಇವತ್ತಿನ ಜಿಸಿಸಿ ಅನ್ನೋ ಸಿ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿದಾಗ ಬರೋ ಎರರ್‌ಗಳಿವು, ಫ್ಯೂಸ್ ಒಂದಕ್ಕೇ ಅಲ್ಲ, ಹಳೇ ಸಿ ಭಾಷೆಯ ಯಾವ ಎಮ್ಯುಲೇಟರ್ ತಗೊಂಡ್ರೂ ಇದೇ. ಕೋಡ್ ಕೆಟ್ಟಿಲ್ಲ, ಕಂಪೈಲರ್ ನಿಯಮ ಬಿಗಿಯಾಗಿದೆ. 2020ರಲ್ಲಿ ಬಂದ ಜಿಸಿಸಿ 10ರಿಂದ ಒಂದೇ ಗ್ಲೋಬಲ್ ವೇರಿಯೇಬಲನ್ನ ಹೆಡರ್‌ನಲ್ಲಿ ಬರೆದು ನಾಲ್ಕು ಫೈಲಲ್ಲಿ ಸೇರಿಸಿದ್ರೆ 'ಮಲ್ಟಿಪಲ್ ಡೆಫಿನಿಶನ್' ಎರರ್ ಬರತ್ತೆ, ಮೊದಲು ಕಂಪೈಲರ್ ಅದನ್ನ ಒಂದು ಅಂತಲೇ ಸೇರಿಸ್ತಿತ್ತು. ಸಿಫ್ಲಾಗ್ಸ್ ಅನ್ನೋ ವೇರಿಯೇಬಲ್‌ಗೆ (ಕಂಪೈಲರ್‌ಗೆ ಸೂಚನೆ ಕೊಡೋದು ಇದರಿಂದಲೇ) '-ಎಫ್‌ಕಾಮನ್' ಕೊಟ್ರೆ ಹಳೇ ನಡತೆ ವಾಪಸ್ ಬರತ್ತೆ. 2024ರ ಜಿಸಿಸಿ 14ರಿಂದ ಘೋಷಣೆ ಇಲ್ಲದ ಫಂಕ್ಷನ್ ಕರೆದ್ರೆ, ಪಾಯಿಂಟರ್ ಥರ ಹೊಂದದೇ ಇದ್ರೆ, ಮುಂಚೆ ವಾರ್ನಿಂಗ್ ಆಗಿದ್ದದ್ದು ಈಗ ಎರರ್. 2025ರ ಜಿಸಿಸಿ 15 ತಾನಾಗೇ ಸಿ23 ಅನ್ನೋ ಹೊಸ ಸ್ಟ್ಯಾಂಡರ್ಡ್ ಹಿಡಿಯತ್ತೆ, ಅದರಲ್ಲಿ 'ಬೂಲ್' ಭಾಷೆಯದೇ ಪದ ಆಗಿರೋದ್ರಿಂದ ತಮ್ಮದೇ ಬೂಲ್ ಬರ್ಕೊಂಡಿರೋ ಹಳೇ ಕೋಡ್ ಎಲ್ಲಾ ಮುರಿಯತ್ತೆ, '-ಎಸ್‌ಟಿಡಿ=ಗ್ನು17' ಕೊಟ್ರೆ ಸರಿಯಾಗತ್ತೆ.

ಫ್ಲಾಗ್ ಬದಲಿಸಿದ ಮೇಲೆ 'ಮೇಕ್ ಕ್ಲೀನ್' ಕಡ್ಡಾಯ. ಹಳೇ ಆಬ್ಜೆಕ್ಟ್ ಫೈಲ್ ಉಳಿದ್ರೆ ಅದನ್ನೇ ಮತ್ತೆ ಬಳಸಿ ಅದೇ ಎರರ್ ತೋರಿಸತ್ತೆ, ನೀವು ಮದ್ದು ಕೆಲಸ ಮಾಡಲಿಲ್ಲ ಅಂದ್ಕೋತೀರ.

ಎರಡು ಲಿಬ್‌ಸ್ಪೆಕ್ಟ್ರಮ್ ಇದ್ದಾಗ

ಇದರಲ್ಲಿ ನನ್ನದೇ ಒಂದು ಭಾನುವಾರ ಪೂರ್ತಿ ಹೋಗಿದೆ, ಅದಕ್ಕೇ ವಿವರವಾಗಿ ಬರೀತೀನಿ. ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಡಿಸ್ಟ್ರೋದ ಫ್ಯೂಸ್ ಹಾಕಿದ್ದೆ, ಅದರ ಜೊತೆ ಹಳೇ ಲಿಬ್‌ಸ್ಪೆಕ್ಟ್ರಮ್ ಬಂದು ಸಿಸ್ಟಮ್ ಫೋಲ್ಡರ್‌ನಲ್ಲಿ ಕೂತಿತ್ತು. ಆಮೇಲೆ ಹೊಸದನ್ನ ನಾನೇ ಬಿಲ್ಡ್ ಮಾಡಿ ಯುಎಸ್‌ಆರ್ ಲೋಕಲ್‌ಗೆ ಹಾಕಿದೆ. ಕಾನ್ಫಿಗರ್ ಪಾಸ್, ಕಂಪೈಲ್ ಪಾಸ್, ಕೊನೆಗೆ ಲಿಂಕ್ ಹೊತ್ತಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಲಿಬ್‌ಸ್ಪೆಕ್ಟ್ರಮ್‌ನ ಫಂಕ್ಷನ್ ಹೆಸರುಗಳು ಸಾಲು ಸಾಲಾಗಿ ಬಂದ್ವು. ಹೆಡರ್ ಹೊಸದರಿಂದ ಓದ್ತಿತ್ತು, ಲೈಬ್ರರಿ ಹಳೇದನ್ನ ಹಿಡೀತಿತ್ತು, ಹೊಸ ಹೆಡರ್ ಇದೆ ಅಂತ ಹೇಳಿದ ಫಂಕ್ಷನ್ ಹಳೇ ಲೈಬ್ರರಿಯಲ್ಲಿ ಇರಲೇ ಇಲ್ಲ.

ಪತ್ತೆ ಮಾಡೋದು ಹೀಗೆ. 'ಮೇಕ್ ವಿ=1' ಅಂತ ಓಡಿಸಿದ್ರೆ ಲಿಂಕ್ ಕಮಾಂಡ್ ಪೂರ್ತಿ ಕಾಣತ್ತೆ, ಅದರಲ್ಲಿ '-ಎಲ್' (ದೊಡ್ಡಕ್ಷರದ ಎಲ್) ಅಂತ ಶುರುವಾಗೋ ಫೋಲ್ಡರ್‌ಗಳು ಯಾವ ಕ್ರಮದಲ್ಲಿವೆ ನೋಡಿ, ಯಾವುದು ಮೊದಲು ಬರತ್ತೋ ಅಲ್ಲಿಂದ ಎತ್ಕೊಳ್ಳತ್ತೆ. ಬಿಲ್ಡ್ ಆಗಿರೋ ಪ್ರೋಗ್ರಾಮ್ ಮೇಲೆ 'ಎಲ್‌ಡಿಡಿ' ಓಡಿಸಿದ್ರೆ ಓಡೋವಾಗ ಯಾವ ಲೈಬ್ರರಿ ಹಿಡೀತಿದೆ ಅಂತ ದಾರಿ ಸಮೇತ ಹೇಳತ್ತೆ, ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ 'ಓಟೂಲ್ -ಎಲ್', ಇಲ್ಲೂ ದೊಡ್ಡಕ್ಷರದ ಎಲ್. ನಾನು ಕೊನೆಗೆ ಡಿಸ್ಟ್ರೋದ ಫ್ಯೂಸ್ ಮತ್ತು ಅದರ ಲಿಬ್‌ಸ್ಪೆಕ್ಟ್ರಮ್ ಡೆವ್ ಪ್ಯಾಕೇಜ್ ತೆಗೆದು, ಸೋರ್ಸ್ ಫೋಲ್ಡರ್ ಅಳಿಸಿ, ಟಾರ್‌ಬಾಲ್ ಹೊಸದಾಗಿ ಬಿಚ್ಚಿ ಮೊದಲಿಂದ ಮಾಡಿದೆ. ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೇದು, ಒಂದೋ ಡಿಸ್ಟ್ರೋದ್ದು ಇರಲಿ, ಒಂದೋ ನಿಮ್ಮದು. ಎರಡೂ ಬೇಕೇ ಬೇಕು ಅಂದ್ರೆ '--ಪ್ರಿಫಿಕ್ಸ್' ಕೊಟ್ಟು ನಿಮ್ಮ ಹೋಮ್ ಒಳಗೆ ಬೇರೆ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ, ಅಳಿಸೋವಾಗಲೂ ಸುಲಭ.

ಲಿಂಕ್ ಆಯ್ತು ಆದ್ರೆ ಓಡಿಸಿದಾಗ 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಅಂದ್ರೆ ಅದು ಸಣ್ಣ ವಿಷಯ. ಲೈಬ್ರರಿ ಇದೆ, ಸಿಸ್ಟಮ್‌ನ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. 'ಸುಡೊ ಎಲ್‌ಡಿಕಾನ್ಫಿಗ್' ಒಂದ್ಸಲ ಹೊಡೀರಿ. ಫೆಡೋರಾದಲ್ಲಿ ಯುಎಸ್‌ಆರ್ ಲೋಕಲ್‌ನ ಲಿಬ್ ಫೋಲ್ಡರ್ ಆ ಪಟ್ಟಿಯಲ್ಲೇ ಇರಲ್ಲ, ಇಟಿಸಿ ಒಳಗಿನ ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಆ ದಾರಿ ಬರೆದು ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು.

ಮ್ಯಾಕ್, ವಿಂಡೋಸ್, ರಾಸ್ಪ್‌ಬೆರಿ ಪೈ

ಮ್ಯಾಕ್‌ಗೆ ಅಂತಲೇ ಫ್ಯೂಸ್‌ನ ಬೇರೆ ಪೋರ್ಟ್ ಇದೆ, ಆಟ ಆಡೋಕಷ್ಟೇ ಬೇಕಿದ್ರೆ ಅದನ್ನೇ ಹಾಕ್ಕೊಳ್ಳಿ. ಕಂಪೈಲ್ ಮಾಡೋರು ಮೊದಲು 'ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್' ಹೊಡೀಬೇಕು. ಆಮೇಲೆ ಹೋಮ್‌ಬ್ರೂ (ಮ್ಯಾಕ್‌ಗೆ ಪ್ಯಾಕೇಜ್ ಹಾಕೋ ಪ್ರೋಗ್ರಾಮ್) ಎಲ್ಲಿದೆ ನೋಡಿ: ಇಂಟೆಲ್ ಮ್ಯಾಕ್‌ನಲ್ಲಿ ಯುಎಸ್‌ಆರ್ ಲೋಕಲ್, ಆಪಲ್ ಚಿಪ್ಪಿನ ಮ್ಯಾಕ್‌ನಲ್ಲಿ ಆಪ್ಟ್ ಹೋಮ್‌ಬ್ರೂ. ಹಳೇ ಇಂಟೆಲ್ ಮ್ಯಾಕ್‌ನಿಂದ ಹೊಸದಕ್ಕೆ ಎಲ್ಲಾ ಫೈಲು ಮೈಗ್ರೇಟ್ ಮಾಡ್ಕೊಂಡೋರ ಹತ್ರ ಎರಡೂ ಇರತ್ತೆ, ಆಗ 'ಅನ್‌ಡಿಫೈನ್ಡ್ ಸಿಂಬಲ್ಸ್ ಫಾರ್ ಆರ್ಕಿಟೆಕ್ಚರ್ ಆರ್ಮ್64' ಬರತ್ತೆ, ಅದರ ಮೇಲೆ ಎಕ್ಸ್86 ಫೈಲನ್ನ ಕಡೆಗಣಿಸಿದೀನಿ ಅಂತ ಒಂದು ವಾರ್ನಿಂಗ್ ಇರತ್ತೆ, ಆ ವಾರ್ನಿಂಗೇ ನಿಜವಾದ ಸುದ್ದಿ. 'ವಿಚ್ ಬ್ರೂ' ಅಂತ ಕೇಳಿ, ಹಳೇದು ಬಂದ್ರೆ ಹೊಸ ಹೋಮ್‌ಬ್ರೂ ಹಾಕಿ ಲೈಬ್ರರಿಗಳನ್ನೂ ಹೊಸದಾಗಿ ಹಾಕಿ. ಗಿಟ್ ಸೋರ್ಸ್ ಇಟ್ಕೊಂಡೋರಿಗೆ ಇನ್ನೊಂದು ಮಾತು, ಮ್ಯಾಕ್ ಜೊತೆ ಬರೋ ಬೈಸನ್ 2.3, ತುಂಬಾ ಹಳೇದು, ಪಾರ್ಸರ್ ಫೈಲ್ ಹತ್ರ ಎರರ್ ಬಂದ್ರೆ ಹೋಮ್‌ಬ್ರೂ ಬೈಸನ್ ಹಾಕಿ ಪಾತ್‌ನಲ್ಲಿ ಅದನ್ನ ಮುಂದೆ ಇಡಿ.

ವಿಂಡೋಸ್‌ನಲ್ಲಿ ಎಂಎಸ್‌ವೈಎಸ್2 (ಅಲ್ಲಿ ಲಿನಕ್ಸ್ ಥರ ಶೆಲ್, ಕಂಪೈಲರ್ ಕೊಡೋದು) ಬಳಸೋರು ಯಾವ ಐಕಾನ್ ಒತ್ತಿ ಶೆಲ್ ತೆಗೆದ್ರಿ ಅನ್ನೋದೇ ಮುಖ್ಯ. ಬರೀ ಎಂಎಸ್‌ವೈಎಸ್ ಅನ್ನೋ ಶೆಲ್‌ನಲ್ಲಿ ಕಂಪೈಲ್ ಮಾಡಬೇಡಿ, ಯುಸಿಆರ್‌ಟಿ64 ಅಥವಾ ಮಿನ್‌ಜಿಡಬ್ಲ್ಯೂ64 ಶೆಲ್ ತೆಗೀರಿ, ಪ್ಯಾಕೇಜ್‌ಗಳನ್ನೂ ಅದೇ ಗುಂಪಿನವು ಹಾಕಿ. ಬಿಲ್ಡ್ ಆದ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಡಿಎಲ್‌ಎಲ್ ಸಿಗ್ತಿಲ್ಲ ಅಂದ್ರೆ, ಆ ಶೆಲ್ ಒಳಗಿಂದ ಓಡಿಸಿ ನೋಡಿ, ಅಲ್ಲಿ ಓಡಿದ್ರೆ ಬಿಲ್ಡ್ ಸರಿ ಇದೆ, ಬೇಕಾದ ಡಿಎಲ್‌ಎಲ್‌ಗಳನ್ನ ಇಎಕ್ಸ್‌ಇ ಪಕ್ಕಕ್ಕೆ ಕಾಪಿ ಮಾಡಿದ್ರೆ ಮುಗೀತು.

ವಿಂಡೋಸ್ ಯೂಸರ್ ಹೆಸರನ್ನ ಕನ್ನಡದಲ್ಲಿ ಇಟ್ಕೊಂಡೋರಿಗೆ, ಇಲ್ಲಾ ಟೇಪ್ ಫೈಲ್‌ಗಳನ್ನ 'ಆಟಗಳು' ಅನ್ನೋ ಫೋಲ್ಡರ್‌ನಲ್ಲಿ ಇಟ್ಟೋರಿಗೆ ಒಂದು ವಿಶೇಷ ತೊಂದರೆ ಬರತ್ತೆ. ಹಳೇ ಶೈಲಿಯ ಸಿ ಪ್ರೋಗ್ರಾಮ್‌ಗಳು ಫೈಲ್ ಹೆಸರನ್ನ ವಿಂಡೋಸ್‌ನ ಎಎನ್‌ಎಸ್‌ಐ ಕೋಡ್ ಪೇಜ್ ಮೂಲಕ ಕೇಳ್ತಾವೆ, ಕನ್ನಡಕ್ಕೆ ಅಂಥ ಕೋಡ್ ಪೇಜ್ ಯಾವತ್ತೂ ಇರಲಿಲ್ಲ, ವಿಂಡೋಸ್‌ನಲ್ಲಿ ಕನ್ನಡ ಬಂದಿದ್ದೇ ಯುನಿಕೋಡ್ ಮೂಲಕ. ಹಾಗಾಗಿ ಅಕ್ಷರಗಳೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಫೈಲ್ ಸಿಗಲ್ಲ ಅನ್ನತ್ತೆ. ಫೈಲ್ ಹಾಳಾಗಿದೆ ಅಂತ ಮತ್ತೆ ಮತ್ತೆ ಡೌನ್‌ಲೋಡ್ ಮಾಡೋ ಮುಂಚೆ ಸಿ ಡ್ರೈವ್‌ನಲ್ಲೇ ಇಂಗ್ಲಿಷ್ ಹೆಸರಿನ ಚಿಕ್ಕ ಫೋಲ್ಡರ್ ಮಾಡಿ ಅಲ್ಲಿಂದ ತೆರೆದು ನೋಡಿ.

ರಾಸ್ಪ್‌ಬೆರಿ ಪೈನಲ್ಲಿ 'ನ್ಯೂಲಿ ಕ್ರಿಯೇಟೆಡ್ ಫೈಲ್ ಈಸ್ ಓಲ್ಡರ್' ಅಂತ ಕಾನ್ಫಿಗರ್ ನಿಂತ್ರೆ ಗಡಿಯಾರ ನೋಡಿ. ಪೈ 4ವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ನೆಟ್ ಸಿಗದೇ ಆನ್ ಆದ್ರೆ ಸಮಯ ಹಿಂದೆ ಉಳಿದಿರತ್ತೆ, 'ಡೇಟ್' ಹೊಡೆದು ತಪ್ಪಿದ್ರೆ ಸರಿ ಮಾಡಿ, ಅಷ್ಟೇ. ತೀರಾ ಹಳೇ ಟಾರ್‌ಬಾಲ್ ತಗೊಂಡಿದ್ರೆ 64 ಬಿಟ್ ಪೈನಲ್ಲಿ 'ಕೆನಾಟ್ ಗೆಸ್ ಬಿಲ್ಡ್ ಟೈಪ್' ಬರತ್ತೆ, ಯಾಕಂದ್ರೆ ಅದರೊಳಗಿನ ಕಾನ್ಫಿಗ್ ಡಾಟ್ ಗೆಸ್ ಬರೆದಾಗ ಈ ಪ್ರೊಸೆಸರ್ ಹುಟ್ಟಿರಲಿಲ್ಲ, 'ಆಟೋರೀಕಾನ್ಫ್ -ಎಫ್‌ಐ' ಓಡಿಸಿದ್ರೆ ಹೊಸ ಫೈಲ್ ಬಂದು ಕೂರತ್ತೆ.

ಓಡತ್ತೆ, ಆದ್ರೆ ಸರಿಯಾಗಿ ಓಡಲ್ಲ

'ಕುಡಂಟ್ ಫೈಂಡ್ ರಾಮ್ 48.ರಾಮ್' ಅಂತ ಬಂದ್ರೆ ಎಮ್ಯುಲೇಟರ್‌ಗೆ ಸ್ಪೆಕ್ಟ್ರಮ್‌ನ ಜೀವ ಸಿಕ್ಕಿಲ್ಲ. 1982ರ ಏಪ್ರಿಲ್‌ನಲ್ಲಿ ಬಂದ ಆ ಮಷಿನ್‌ನಲ್ಲಿ ಬೇಸಿಕ್ ಭಾಷೆ, ಟೇಪ್ ಓದೋ ಕೋಡ್, ಅಕ್ಷರಗಳ ಆಕಾರ ಎಲ್ಲಾ ಸೇರಿ 16 ಕೆಬಿ ರಾಮ್ ಚಿಪ್ ಒಳಗಿತ್ತು (ಇದು ಓದೋಕೆ ಮಾತ್ರ ಆಗೋ ರಾಮ್, 48ಕೆ ಅಂತ ಹೇಳೋದು ಬರೆಯೋ ಮೆಮೊರಿ, ಕನ್ನಡದಲ್ಲಿ ಎರಡೂ ಒಂದೇ ಥರ ಕೇಳಿಸತ್ತೆ). 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರ ಆಮ್‌ಸ್ಟ್ರಾಡ್ ಕೈಗೆ ಹೋಯ್ತು, ಅವರು ಕಾಪಿರೈಟ್ ತಮ್ಮದೇ ಇಟ್ಕೊಂಡು ಎಮ್ಯುಲೇಟರ್‌ಗಳ ಜೊತೆ ಇದನ್ನ ಹಂಚೋಕೆ ಒಪ್ಪಿಗೆ ಕೊಟ್ರು, ಅದು ಎಷ್ಟು ದೊಡ್ಡ ಉಪಕಾರ ಅಂತ ಬೇರೆ ಹಳೇ ಮಷಿನ್‌ಗಳ ಎಮ್ಯುಲೇಟರ್ ಹಾಕೋಕೆ ಹೋದೋರಿಗೆ ಗೊತ್ತು. ಹಾಗಾಗಿ ಫ್ಯೂಸ್ ಸೋರ್ಸ್ ಜೊತೆಗೇ ಆ ಫೈಲ್‌ಗಳು ಬರತ್ತೆ, 'ಮೇಕ್ ಇನ್‌ಸ್ಟಾಲ್' ಮಾಡದೇ ಬೇರೆ ಫೋಲ್ಡರ್‌ನಿಂದ ಓಡಿಸಿದ್ರೆ ಮಾತ್ರ ಸಿಗದೇ ಹೋಗೋದು. ಡೆಬಿಯನ್ ಪ್ಯಾಕೇಜ್‌ನವರಿಗೆ ಬೇರೆ ಕಥೆ, ಅವರ ನಿಯಮದ ಪ್ರಕಾರ ಇದು ಪೂರ್ತಿ ಫ್ರೀ ಅಲ್ಲದ ಕಾರಣ 'ಸ್ಪೆಕ್ಟ್ರಮ್-ರಾಮ್ಸ್' ಅಂತ ಬೇರೆ ಪ್ಯಾಕೇಜ್ ಆಗಿ ನಾನ್-ಫ್ರೀ ವಿಭಾಗದಲ್ಲಿ ಇಟ್ಟಿದಾರೆ, ಆ ವಿಭಾಗ ಆನ್ ಮಾಡಿ ಹಾಕ್ಕೊಳ್ಳಿ. ಫೈಲ್ ಸಿಕ್ಕಿತು ಆದ್ರೆ ಅಳತೆ ತಪ್ಪು ಅಂದ್ರೆ, ಸರಿಯಾದ 48.ರಾಮ್ ಒಂದು ಬೈಟೂ ಹೆಚ್ಚುಕಮ್ಮಿ ಇಲ್ಲದೇ 16384 ಬೈಟ್ ಇರಬೇಕು.

ತಿದ್ದಿ ಬಿಲ್ಡ್ ಮಾಡಿದ್ರೂ ಹಳೇ ನಡತೆನೇ ತೋರಿಸ್ತಿದ್ರೆ 'ಟೈಪ್ -ಎ ಫ್ಯೂಸ್' ಹೊಡೆದು ನೋಡಿ, ಬೇರೆ ಫೋಲ್ಡರ್‌ನಲ್ಲಿ ಇನ್ನೊಂದು ಕಾಪಿ ಓಡ್ತಿರಬಹುದು.

ಆಟ ನಿಧಾನ, ಎಳೆದಾಡ್ತಿದೆ ಅನ್ನೋ ದೂರು ಬಹಳ ಸಲ ಸೌಂಡಿನ ದೋಷ. ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್ ಓಡೋದು 3.5 ಮೆಗಾಹರ್ಟ್ಸ್‌ನಲ್ಲಿ, ಒಂದು ಫ್ರೇಮಿಗೆ 69888 ಕ್ಲಾಕ್ (ಪ್ರೊಸೆಸರ್‌ನ ಮಿಡಿತ), ಅಂದ್ರೆ ಸೆಕೆಂಡಿಗೆ 50 ಚಿಲ್ಲರೆ ಫ್ರೇಮ್. ಆ ಲಯ ಹಿಡಿಯೋಕೆ ಫ್ಯೂಸ್ ಸೌಂಡ್ ಕಾರ್ಡನ್ನೇ ತಾಳವಾಗಿ ಇಟ್ಕೊಳ್ಳತ್ತೆ, ಸೌಂಡ್ ಎಷ್ಟು ಬೇಗ ಖಾಲಿ ಆಗತ್ತೋ ಅಷ್ಟು ಬೇಗ ಮುಂದಿನ ಫ್ರೇಮ್. ತಾಳ ಹಾಕೋರು ತಡವರಿಸಿದ್ರೆ ಹಾಡೂ ತಡವರಿಸತ್ತೆ. '--ನೋ-ಸೌಂಡ್' ಕೊಟ್ಟು ಓಡಿಸಿ, ಆಗ ವೇಗ ಸರಿ ಹೋದ್ರೆ ಗ್ರಾಫಿಕ್ಸ್ ಕಡೆ ತಿರುಗಿ ನೋಡಬೇಡಿ, ಸೌಂಡ್ ಸರಿ ಮಾಡಿ. ಡೆವ್ ಡಿಎಸ್‌ಪಿ (ಹಳೇ ಓಎಸ್‌ಎಸ್ ಸೌಂಡ್ ದಾರಿ) ತೆರೆಯೋಕಾಗಲಿಲ್ಲ ಅನ್ನೋ ಮೆಸೇಜ್ ಬಂದ್ರೆ ಆಲ್ಸಾ ಹೆಡರ್ ಇಲ್ಲದೇ ಬಿಲ್ಡ್ ಆಗಿದೆ, ಹೆಡರ್ ಹಾಕಿ ಕಾನ್ಫಿಗರ್‌ನಿಂದ ಮತ್ತೆ ಮಾಡಿ. ಅಂದಹಾಗೆ 60 ಹರ್ಟ್ಸ್ ಮಾನಿಟರ್ ಮೇಲೆ 50 ಫ್ರೇಮ್ ಓಡಿದಾಗ ಅಡ್ಡ ಸ್ಕ್ರೋಲಿಂಗ್ ಸ್ವಲ್ಪ ಕುಲುಕತ್ತೆ, ಅದು ದೋಷ ಅಲ್ಲ.

ಕೀಬೋರ್ಡ್ ಕೆಲಸ ಮಾಡ್ತಿಲ್ಲ ಅಂತ ಕನ್ನಡಿಗರು ಕೇಳಿದಾಗ ನಾನು ಮೊದಲು ಕೇಳೋದು, ಮೇಲೆ ಮೂಲೆಯಲ್ಲಿ 'ಕ' ಇದೆಯಾ 'ಇಎನ್' ಇದೆಯಾ ಅಂತ. ಕನ್ನಡ ಲೇಔಟ್ ಆನ್ ಇದ್ರೆ ಜೆ ಒತ್ತಿದಾಗ ಎಮ್ಯುಲೇಟರ್‌ಗೆ ತಲುಪೋದು ಕನ್ನಡ ಅಕ್ಷರ, ಸ್ಪೆಕ್ಟ್ರಮ್‌ನ 40 ಕೀಗಳಲ್ಲಿ ಅದು ಯಾವುದೂ ಅಲ್ಲ, ಸುಮ್ಮನೆ ಬಿಟ್ಟುಬಿಡತ್ತೆ. ಇಂಗ್ಲಿಷ್ ಲೇಔಟಿಗೆ ಬದಲಿಸಿ. ಜೆ ಒತ್ತಿದ್ರೆ ಲೋಡ್ ಅಂತ ಇಡೀ ಪದ ಬರ್ತಿದೆ ಅನ್ನೋದು ದೋಷ ಅಲ್ಲ, ಆ ಮಷಿನ್ ಹಾಗೇ, ಒಂದು ಕೀಗೆ ಒಂದು ಬೇಸಿಕ್ ಪದ. ಉದ್ಧರಣ ಚಿಹ್ನೆ ಬೇಕಂದ್ರೆ ಕಂಟ್ರೋಲ್ ಹಿಡ್ಕೊಂಡು ಪಿ.

ಟೇಪ್ ಲೋಡ್ ಆಗ್ತಿಲ್ಲ

ನಮ್ಮ ದೇಶದಲ್ಲಿ 1986ರಲ್ಲಿ ಡೆಸಿಬೆಲ್ಸ್ ಅನ್ನೋ ಕಂಪನಿ ಲೈಸೆನ್ಸ್ ತಗೊಂಡು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅಂತ ಇದನ್ನ ಮಾರೋಕೆ ಶುರು ಮಾಡಿತ್ತು. ಆ ಕಾಲದ ಕ್ಯಾಸೆಟ್ ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ದಯವಿಟ್ಟು ಎಸೀಬೇಡಿ, ಟೇಪ್ ರೆಕಾರ್ಡರ್‌ನಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ ವೇವ್ ಫೈಲ್ ಮಾಡ್ಕೊಳ್ಳಿ, ಫ್ಯೂಸ್ ಯುಟಿಲ್ಸ್ ಜೊತೆ ಬರೋ 'ಆಡಿಯೋ2ಟೇಪ್' ಅದನ್ನ ಟೇಪ್ ಫೈಲಾಗಿ ಬದಲಿಸತ್ತೆ, ಎಂಪಿ3 ಮಾತ್ರ ಮಾಡಬೇಡಿ, ಅದು ಸಿಗ್ನಲ್‌ನ ಅಂಚುಗಳನ್ನ ಸವೆಸಿಬಿಡತ್ತೆ.

ಲೋಡ್ ಆಗದಿದ್ರೆ ಪರದೆಯ ಅಂಚಿನ ಬಣ್ಣದ ಪಟ್ಟೆ ನೋಡಿ, ಏನಾಗ್ತಿದೆ ಅಂತ ಅದೇ ಹೇಳತ್ತೆ. ಮೊದಲು ಟೇಪ್ ಸೆಟ್ಟಿಂಗ್‌ನಲ್ಲಿ ಫಾಸ್ಟ್‌ಲೋಡಿಂಗ್ ಮತ್ತು ಟೇಪ್ ಟ್ರ್ಯಾಪ್ ಎರಡೂ ಆಫ್ ಮಾಡಿ, ಇಲ್ಲದಿದ್ರೆ ಕಣ್ಣಿಗೆ ಕಾಣೋ ಮುಂಚೆ ಮುಗಿದಿರತ್ತೆ. ಪಟ್ಟೆ ಓಡದೇ ಅಂಚು ಸುಮ್ಮನೆ ಇದ್ರೆ ಟೇಪ್ ಓಡ್ತಾನೇ ಇಲ್ಲ, ಎಫ್8 ಒತ್ತಿ ಪ್ಲೇ ಮಾಡಿ. ಕೆಂಪು ಮತ್ತು ತಿಳಿ ನೀಲಿ ದಪ್ಪ ಪಟ್ಟೆ ಬಂದ್ರೆ ಪೈಲಟ್ ಸ್ವರ (ಡೇಟಾಗೆ ಮುಂಚೆ ಬರೋ ಒಂದೇ ಸಮನೆ ಸದ್ದು) ಕೇಳಿಸ್ತಿದೆ ಅಂತ, ಅದರ ಒಂದೊಂದು ಪಲ್ಸ್ 2168 ಕ್ಲಾಕ್ ಉದ್ದ, ಮೊದಲನೇ ಸಲ ಸುಮಾರು ಐದು ಸೆಕೆಂಡ್ ಇರತ್ತೆ. ಆಮೇಲೆ ಹಳದಿ ಮತ್ತು ಕಡು ನೀಲಿ ಸಣ್ಣ ಪಟ್ಟೆಗೆ ತಿರುಗಬೇಕು, ಅದು ಡೇಟಾ, ಸೊನ್ನೆಗೆ 855 ಕ್ಲಾಕ್‌ನ ಎರಡು ಪಲ್ಸ್, ಒಂದಕ್ಕೆ 1710ರ ಎರಡು. ಕೆಂಪಿನಲ್ಲೇ ಉಳಿದು ಹಳದಿಗೆ ಬರದೇ ಇದ್ರೆ ಮಧ್ಯದ ಸಿಂಕ್ ಪಲ್ಸ್ ಹೋಗಿದೆ, ರೆಕಾರ್ಡಿಂಗ್ ವಾಲ್ಯೂಮ್ ಜಾಸ್ತಿ ಕಮ್ಮಿ ಮಾಡಿ ಆ ಜಾಗ ಮತ್ತೆ ರೆಕಾರ್ಡ್ ಮಾಡಿ. ಹಳದಿ ಪೂರ್ತಿ ಓಡಿ ಕೊನೆಗೆ 'ಆರ್ ಟೇಪ್ ಲೋಡಿಂಗ್ ಎರರ್' ಅಂದ್ರೆ ಬಿಟ್‌ಗಳು ಬಂದಿವೆ ಆದ್ರೆ ಪ್ಯಾರಿಟಿ ಬೈಟ್ (ಡೇಟಾ ಸರಿ ಬಂತಾ ಅಂತ ನೋಡೋಕೆ ಕೊನೆಗೆ ಇಡೋ ಬೈಟ್) ತಾಳೆ ಆಗಿಲ್ಲ, ಎಲ್ಲೋ ಒಂದು ಬಿಟ್ ತಪ್ಪಾಗಿದೆ, ಹೆಡ್ ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಂದ್ಸಲ ಪ್ರಯತ್ನಿಸಿ. ಕ್ಯಾಸೆಟ್ ಅಲ್ಲ, ಡೌನ್‌ಲೋಡ್ ಮಾಡಿದ ಟೇಪ್ ಫೈಲೇ ಹೀಗೆ ಮಾಡ್ತಿದ್ರೆ ಎಫ್9 ಒತ್ತಿ ಮಷಿನ್ ಬದಲಿಸಿ ನೋಡಿ, 128ಕೆ ಮಷಿನ್‌ಗೆ ಮಾಡಿದ ಆಟ 48ಕೆಯಲ್ಲಿ ಅರ್ಧ ಲೋಡ್ ಆಗಿ ರೀಸೆಟ್ ಆಗೋದು ಮಾಮೂಲಿ.